ಅತ್ತೆಯ ಮರೆವು ಶುರುವಾದದ್ದು ಯಾವಾಗ? ಅಲ್ಝೈಮರ್ ಮೊದಲು ಯಾವ ಕೋಶದಲ್ಲಿ ಹುಟ್ಟುತ್ತೆ?

ಸೊಸೆ_ಮೂಡಿಗೆರೆ · ಭಾನುವಾರ ರಾತ್ರಿ 10:52

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ತಿಳಿದವರು ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮತ್ತೆಗೆ 71. ನಾನು ಈ ಮನೆಗೆ ಬಂದು 4 ವರ್ಷ. ಬಂದ ಹೊಸದರಲ್ಲೇ ಅತ್ತೆ ಅಡುಗೆಮನೆ ನನಗೆ ಬಿಟ್ಟುಕೊಟ್ರು. "ಒಲೆ ಮುಂದೆ ನಿಂತೂ ನಿಂತೂ ಸಾಕಾಗಿದೆ ಕಣವ್ವ, ನಾನು ತೋಟದ ಕಡೆ ನೋಡ್ಕೊತೀನಿ" ಅಂದಿದ್ರು. ಒಂದೂವರೆ ವರ್ಷದಿಂದ ಮರೆವು. ಮೊದಲು ಕೇಳಿದ್ದನ್ನೇ ಕೇಳೋರು. ಆಮೇಲೆ ಹಾಲಿನ ದುಡ್ಡು ಎರಡೆರಡು ಸಲ ಕೊಡೋಕೆ ಶುರುಮಾಡಿದ್ರು. ಹೋದ ತಿಂಗಳು ಒಂದಿನ ಅವರೇ ಕಡುಬು ಮಾಡ್ತೀನಿ ಅಂತ ನಿಂತ್ರು. ಅಕ್ಕಿ ತರಿ ಹದವಾಗಿ ಬೇಯಿಸಿ, ಕೈ ಒದ್ದೆ ಮಾಡ್ಕೊಂಡು, ಒಂದೇ ಅಳತೆಗೆ ಮೂವತ್ತು ಮೂವತ್ತೈದು ಉಂಡೆ ಕಟ್ಟಿ ಹಬೆ ಪಾತ್ರೆಗೆ ಜೋಡಿಸಿದ್ರು. ನನಗೆ ಇವತ್ತಿಗೂ ಆ ಹದ ಬರಲ್ಲ. ಕೈ ತೊಳೆದು ಬಂದು, ಪಾತ್ರೆ ನೋಡಿ, "ಇಷ್ಟೊಂದು ಕಡುಬು ಯಾರು ಮಾಡಿದ್ದು? ನೆಂಟರು ಬರ್ತಾರಾ?" ಅಂದ್ರು. ತಮಾಷೆ ಮಾಡ್ತಿದಾರೆ ಅಂದ್ಕೊಂಡೆ. ಅಲ್ಲ.

ಹಾಸನದಲ್ಲಿ ತೋರಿಸಿದ್ವಿ. ಸ್ಕ್ಯಾನ್ ನೋಡಿ, ನೆನಪಿನ ಭಾಗ ಕುಗ್ಗಿದೆ, ಅಲ್ಝೈಮರ್ ಇರಬಹುದು ಅಂದ್ರು. ಮಾತ್ರೆ ಬರೆದುಕೊಟ್ರು. ಹೊರಗೆ ತುಂಬ ಜನ ಕಾಯ್ತಿದ್ರು, ಹೆಚ್ಚು ಕೇಳೋಕೆ ಆಗಲಿಲ್ಲ.

ಮೊನ್ನೆ ತಿಥಿ ಊಟದಲ್ಲಿ ಚಿಕ್ಕತ್ತೆ ಎಲ್ಲರ ಎದುರಿಗೆ ಹೇಳಿದ್ರು: "ನಲವತ್ತು ವರ್ಷ ಆಳಿದ ಅಡುಗೆಮನೆ ಕಿತ್ಕೊಂಡ್ರೆ ಇನ್ನೇನಾಗುತ್ತೆ, ಮಂಕು ಬಡಿಯದೆ?" ನಾನು ಎಲೆ ಎತ್ತೋಕೂ ನಿಲ್ಲದೆ ಎದ್ದು ಬಂದೆ. ಅವತ್ತಿಂದ ನಿದ್ದೆ ಇಲ್ಲ. ನನಗೆ ಒಂದೇ ತಿಳೀಬೇಕು. ಈ ಕಾಯಿಲೆ ನಿಜವಾಗಿ ಎಲ್ಲಿ, ಯಾವಾಗ ಶುರುವಾಗುತ್ತೆ? ನಾನು ಬಂದ ಮೇಲಾ?

ಸಕಲೇಶಪುರ_ತೋಟಗಾರ · ಸೋಮವಾರ ಬೆಳಗ್ಗೆ 5:50

ತಂಗೀ, ಓದಿ ಸಂಕಟ ಆಯ್ತು. ನಾನು ಡಾಕ್ಟರ್ ಅಲ್ಲ, ಆದ್ರೆ ನಮ್ಮಪ್ಪನಿಗೂ ಇದೇ ಆಗಿತ್ತು, 9 ವರ್ಷ ನೋಡ್ಕೊಂಡಿದ್ದೀನಿ.

ನಿಮ್ಮದೂ ತೋಟದ ಮನೆ. ಅರೇಬಿಕಾ ಕಾಫಿ ಗಿಡದ ಎಲೆ ಹಳದಿ ಆದ ದಿನವೇ ಬೋರರ್ (ಕಾಂಡ ಕೊರೆಯೋ ಹುಳ) ಬಿತ್ತು ಅಂತ ಯಾವ ಬೆಳೆಗಾರ ಹೇಳ್ತಾನೆ? ದುಂಬಿ ತೊಗಟೆ ಸಂದಿಯಲ್ಲಿ ಮೊಟ್ಟೆ ಇಟ್ಟು ಹೋಗಿರುತ್ತೆ. ಹುಳ ತಿಂಗಳುಗಟ್ಟಲೆ ಕಾಂಡದ ಒಳಗೇ ಕೊರೀತಾ ಇರುತ್ತೆ. ಮೇಲಿಂದ ಗಿಡ ಹಸಿರೇ, ಹೂವೂ ಬಿಡುತ್ತೆ. ಗೊತ್ತಿರೋರು ಕಾಂಡ ಸವರಿ, ತೊಗಟೆ ಮೇಲೆ ಎದ್ದ ಏಣು ನೋಡಿ ಹಿಡೀತಾರೆ. ಉಳಿದೋರಿಗೆ ಕಾಣೋದು ಎಲೆ ಬಾಡಿದಾಗಲೇ. ನಿಮ್ಮ ಚಿಕ್ಕತ್ತೆ ನೋಡಿರೋದು ಎಲೆ. ನೀವು ಬಂದಾಗ ಕಾಂಡದ ಒಳಗೆ ಏನಾಗಿತ್ತು ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿರಲಿಲ್ಲ.

ವಿಜ್ಞಾನ ನಮ್ಮ ಮೇಷ್ಟ್ರು ಹೇಳಲಿ.

ಜೀವಶಾಸ್ತ್ರ_ಮೇಷ್ಟ್ರು_ಅರಸೀಕೆರೆ · ಸೋಮವಾರ ಬೆಳಗ್ಗೆ 9:15

ಪಿಯು ಕಾಲೇಜಿನಲ್ಲಿ 31 ವರ್ಷ ಪಾಠ ಮಾಡಿದವನು ನಾನು. ನಿವೃತ್ತಿಯ ಮೇಲೆ ಈ ವಿಷಯ ಬಿಡದೆ ಓದಿದ್ದೇನೆ, ಯಾಕಂದ್ರೆ ನನ್ನ ಹೆಂಡತಿಗೂ ಇದೇ ಕಾಯಿಲೆ.

ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡ್ತೇನಮ್ಮ. ಇಲ್ಲ, ನೀವು ಬಂದ ಮೇಲೆ ಶುರುವಾದದ್ದಲ್ಲ. ಕೆಲವು ಕುಟುಂಬಗಳಲ್ಲಿ ಒಂದೇ ಜೀನಿನ ದೋಷದಿಂದ ಈ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬರುತ್ತೆ. ಅಂಥ ಮನೆಗಳಲ್ಲಿ ಯಾರಿಗೆ ಬರುತ್ತೆ, ಸುಮಾರು ಯಾವ ವಯಸ್ಸಿಗೆ ಬರುತ್ತೆ ಅಂತ ಮುಂಚೆಯೇ ಅಂದಾಜು ಮಾಡಬಹುದು. ಅವರನ್ನ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಕ್ಷಣ ಕಾಣೋ ಸಮಯಕ್ಕೆ 25 ವರ್ಷ ಮುಂಚೆಯೇ ಬೆನ್ನುಹುರಿ ದ್ರವದಲ್ಲಿ ಬದಲಾವಣೆ ಶುರುವಾಗಿತ್ತು. ಸುಮಾರು 15 ವರ್ಷ ಮುಂಚೆ ಮೆದುಳಿನ ಸ್ಕ್ಯಾನಿನಲ್ಲಿ ಪ್ರೋಟೀನಿನ ಕಲೆ ಕಾಣ್ತಿತ್ತು. ವಯಸ್ಸಾದ ಮೇಲೆ ಬರೋ ಸಾಮಾನ್ಯ ಅಲ್ಝೈಮರ್‌ನಲ್ಲೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ, 15ರಿಂದ 20 ವರ್ಷ. ನಿಮ್ಮತ್ತೆಗೆ ಇರೋದು ಅಲ್ಝೈಮರ್ ಅನ್ನೋದಾದರೆ, ಅವರು ಐವತ್ತರ ಆಸುಪಾಸಿನಲ್ಲಿ, ದಿನಾ ಮನೆಮಂದಿಗೆಲ್ಲ ರೊಟ್ಟಿ ತಟ್ಟುತ್ತಿದ್ದಾಗಲೇ ಒಳಗೆ ಕೆಲಸ ಶುರುವಾಗಿತ್ತು. ನೀವು ಆಗ ಶಾಲೆಗೆ ಹೋಗ್ತಿದ್ದಿರಿ.

ಇನ್ನು ಎಲ್ಲಿ ಅನ್ನೋದು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟೆ ಡೆಟರ್ ಅನ್ನೋ 51 ವರ್ಷದ ಹೆಂಗಸು ಸೇರಿದಳು. ತನ್ನ ಹೆಸರು ಬರೆಯೋಕೆ ಹೋಗಿ ಅರ್ಧದಲ್ಲೇ ಮರೀತಿದ್ದಳು. ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಅವಳ ಮಾತುಗಳನ್ನ ಒಂದೊಂದಾಗಿ ಬರೆದಿಟ್ಟುಕೊಂಡರು. 1906ರಲ್ಲಿ ಅವಳು ತೀರಿಕೊಂಡ ಮೇಲೆ ಮೆದುಳಿನ ತೆಳು ಪದರಗಳಿಗೆ ಬೆಳ್ಳಿಯ ಲವಣದ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡು ವಸ್ತು ಕಂಡವು. ನರಕೋಶಗಳ ಹೊರಗೆ ಗುಪ್ಪೆಗುಪ್ಪೆಯಾಗಿ ಬಿದ್ದ ಕಲೆಗಳು, ನರಕೋಶಗಳ ಒಳಗೆ ದಾರದ ಸಿಕ್ಕಿನಂಥ ಗಂಟುಗಳು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗೆನ್ ಊರಿನ ಸಭೆಯಲ್ಲಿ ಅದನ್ನ ಮಂಡಿಸಿದರು. 1910ರಲ್ಲಿ ಮನೋವೈದ್ಯ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಅವರ ಹೆಸರಿಟ್ಟರು.

ಹೊರಗಿನ ಕಲೆ ಯಾವುದರಿಂದ ಆದದ್ದು ಅಂತ ತಿಳಿಯೋಕೆ 1984ರವರೆಗೆ ಕಾಯಬೇಕಾಯ್ತು. ಗ್ಲೆನ್ನರ್ ಮತ್ತು ವಾಂಗ್ ಅನ್ನೋ ವಿಜ್ಞಾನಿಗಳು ಅದರೊಳಗಿನ ಚಿಕ್ಕ ಪ್ರೋಟೀನ್ ತುಣುಕನ್ನ ಬೇರ್ಪಡಿಸಿದರು. ಅದೇ ಅಮಿಲಾಯ್ಡ್ ಬೀಟಾ. ಅದು ಹೊರಗಿನಿಂದ ಬಂದ ವಿಷವಲ್ಲ. ನರಕೋಶದ ಪೊರೆಯಲ್ಲಿ ಒಂದು ತುದಿ ಒಳಗೆ, ಒಂದು ತುದಿ ಹೊರಗೆ ಚಾಚಿಕೊಂಡು ಎಪಿಪಿ ಅನ್ನೋ ದೊಡ್ಡ ಪ್ರೋಟೀನ್ ಇರುತ್ತೆ. ಬೀಟಾ ಸೀಕ್ರಿಟೇಸ್ ಅನ್ನೋ ಕಿಣ್ವ ಅದನ್ನ ಹೊರಭಾಗದಲ್ಲಿ ಕತ್ತರಿಸುತ್ತೆ, ಗಾಮಾ ಸೀಕ್ರಿಟೇಸ್ ಪೊರೆಯ ನಡುವೆ ಕತ್ತರಿಸುತ್ತೆ. ಎರಡು ಕತ್ತರಿ ನಡುವೆ ಉದುರೋ ತುಣುಕೇ ಇದು. ಬಹುಪಾಲು 40 ಅಮೈನೋ ಆಮ್ಲದ ಉದ್ದ. ಕೆಲವು 42. ಎರಡೇ ಎರಡು ಹೆಚ್ಚು, ಆದ್ರೆ ಆ 42ರದ್ದು ಬಲು ಅಂಟು ಸ್ವಭಾವ. ಒಂದಕ್ಕೊಂದು ಹತ್ತಿಕೊಂಡು ಗುಂಪಾಗುತ್ತೆ. ಈ ತುಣುಕು ನಮ್ಮೆಲ್ಲರ ಮೆದುಳಿನಲ್ಲೂ ದಿನಾ ಹುಟ್ಟುತ್ತೆ, ದಿನಾ ತೊಳೆದುಹೋಗುತ್ತೆ. ವಯಸ್ಸಾದವರ ಅಲ್ಝೈಮರ್‌ನಲ್ಲಿ ಹುಟ್ಟೋದು ಹೆಚ್ಚಾಗೋದಕ್ಕಿಂತ ತೊಳೆದುಹೋಗೋದು ನಿಧಾನ ಆಗಿರುತ್ತೆ.

ಕಡೂರು_ತೆಂಗು · ಸೋಮವಾರ ಮಧ್ಯಾಹ್ನ 1:20

ಮೇಷ್ಟ್ರೇ, ಅಲ್ಯೂಮಿನಿಯಂ ಪಾತ್ರೆಯಿಂದ ಬರುತ್ತೆ ಅಂತ ಕೇಳಿದ್ದೆ. ನಮ್ಮನೇಲಿ ಎಲ್ಲ ಎತ್ತಿ ಹಳೇ ಪಾತ್ರೆಯವನಿಗೆ ಕೊಟ್ಟುಬಿಟ್ವಿ. ಮತ್ತೆ ಅರಿಶಿನ ಹಾಲು ಕುಡಿದ್ರೆ ಕಲೆ ಕರಗುತ್ತೆ ಅಂತಾರಲ್ಲ, ಅದು?

ಜೀವಶಾಸ್ತ್ರ_ಮೇಷ್ಟ್ರು_ಅರಸೀಕೆರೆ · ಸೋಮವಾರ ಮಧ್ಯಾಹ್ನ 3:05

ಆ ಹೆದರಿಕೆ ಹುಟ್ಟಿದ್ದು 1965ರಲ್ಲಿ. ಮೊಲಗಳ ಮೆದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿದಾಗ ನರಕೋಶದಲ್ಲಿ ಗಂಟಿನಂಥವು ಕಂಡವು. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವುಗಳ ಎಳೆಯ ರಚನೆಯೇ ಬೇರೆ, ಮನುಷ್ಯರ ಗಂಟಿನಂತೆ ಇರಲಿಲ್ಲ. ಪಾತ್ರೆಯಿಂದ ಈ ಕಾಯಿಲೆ ಬರುತ್ತೆ ಅಂತ ಸಾಬೀತಾಗಿಲ್ಲ. ಅರಿಶಿನದ ಕರ್ಕ್ಯುಮಿನ್ ಪರೀಕ್ಷಾ ನಳಿಕೆಯಲ್ಲಿ ಅಮಿಲಾಯ್ಡಿಗೆ ಅಂಟುತ್ತೆ ನಿಜ. ರೋಗಿಗಳಿಗೆ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಹಾಲಿಗೆ ಹಾಕಿ ಕುಡಿಯಿರಿ, ಬೇಡ ಅನ್ನಲ್ಲ. ಅದನ್ನ ನಂಬಿ ಡಾಕ್ಟರ ಮಾತ್ರೆ ಮಾತ್ರ ಬಿಡಬೇಡಿ.

ಬೇಲೂರು_ಹುಡುಗಿ · ಸೋಮವಾರ ರಾತ್ರಿ 9:40

ಅಕ್ಕಾ, ನಾನು ಬೆಂಗಳೂರಲ್ಲಿ ನರವಿಜ್ಞಾನ ಓದ್ತಿದ್ದೀನಿ, ನನ್ನ ಕೆಲಸ ಮೈಕ್ರೋಗ್ಲಿಯಾ ಕೋಶಗಳ ಮೇಲೆ. ಮೇಷ್ಟ್ರು ಹೇಳಿದ್ದಕ್ಕೆ ಮೂರು ನಾಲ್ಕು ಮಾತು ಸೇರಿಸ್ತೀನಿ, ಯಾಕಂದ್ರೆ ಕಥೆ ಕಲೆಯಲ್ಲೇ ಮುಗಿಯಲ್ಲ.

ಒಳಗಿನ ಗಂಟು ಟೌ ಅನ್ನೋ ಪ್ರೋಟೀನಿಂದು. ಮದುವೆ ಚಪ್ಪರದ ಕಂಬ ಗಳುಗಳನ್ನ ಹಗ್ಗದಿಂದ ಬಿಗಿದಿರ್ತೀವಲ್ಲ, ನರಕೋಶದ ಉದ್ದ ಬಾಲದೊಳಗೆ ಸಾಮಾನು ಸಾಗಿಸೋ ಕೊಳವೆಗಳನ್ನ ಟೌ ಹಾಗೆ ಹಿಡಿದಿರುತ್ತೆ. ಅದರ ಮೇಲೆ ಫಾಸ್ಫೇಟ್ ಅತಿಯಾಗಿ ಕೂತರೆ ಹಗ್ಗ ಸಡಿಲ ಆಗುತ್ತೆ. ಚಪ್ಪರ ಜಗ್ಗುತ್ತೆ, ಬಿಚ್ಚಿದ ಹಗ್ಗ ತಾನೇ ಸಿಕ್ಕು ಸಿಕ್ಕಾಗುತ್ತೆ. ಕಲೆ ತುಂಬ ಇದ್ದೂ ನೆನಪು ಗಟ್ಟಿ ಇರೋ ಮುದುಕರು ಸಿಗ್ತಾರೆ. ಆದ್ರೆ ಟೌ ಗಂಟು ಎಲ್ಲೆಲ್ಲಿ ಹಬ್ಬಿದೆಯೋ ಮರೆವು ಅದರ ಹಿಂದೆಯೇ ಹೋಗುತ್ತೆ. 1991ರಲ್ಲಿ ವಿಜ್ಞಾನಿಗಳಾದ ಬ್ರಾಕ್ ದಂಪತಿ 83 ಮೆದುಳು ನೋಡಿ ಅದು ಹಬ್ಬೋ ದಾರಿ ಗುರುತಿಸಿದರು. ಮೊದಲು ಕಿವಿಯ ನೇರಕ್ಕೆ ಮೆದುಳಿನ ಒಳಬದಿಯಲ್ಲಿರೋ ಎಂಟೋರೈನಲ್ ಕಾರ್ಟೆಕ್ಸ್, ಅಲ್ಲಿಂದ ಹಿಪ್ಪೋಕ್ಯಾಂಪಸ್, ಆಮೇಲೆ ಮೆದುಳಿನ ಉಳಿದ ಭಾಗ. ಇನ್ನೂ ಹಿಂದಕ್ಕೆ ಹೋದರೆ ಮೆದುಳುಕಾಂಡದಲ್ಲಿ ಲೋಕಸ್ ಸೆರುಲಿಯಸ್ ಅನ್ನೋ ನಸುನೀಲಿ ಚುಕ್ಕೆ ಇದೆ. ಅಲ್ಲಿ ಮೊದಮೊದಲ ಟೌ ಬದಲಾವಣೆ ಚಿಕ್ಕ ವಯಸ್ಸಿನವರಲ್ಲೂ ಕಂಡಿದೆ.

ನಿಮ್ಮತ್ತೆಯ ಕಡುಬಿನ ವಿಷಯ ಓದಿ ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. "ಈಗ ತಾನೇ ನಾನು ಮಾಡಿದೆ" ಅನ್ನೋ ನೆನಪು ಹಿಪ್ಪೋಕ್ಯಾಂಪಸಿನದ್ದು. ಮೊದಮೊದಲು ಏಟು ತಿನ್ನೋ ಭಾಗಗಳಲ್ಲಿ ಅದೂ ಒಂದು. ಕೈಯ ಹದ, ಉಂಡೆಯ ಅಳತೆ ಬೇರೆ ಕಡೆ, ಮೆದುಳಿನ ಆಳದ ನರಕೋಶ ಗುಂಪುಗಳಲ್ಲಿ, ಹಿಂಮೆದುಳಿನಲ್ಲಿ ಕೂತಿರುತ್ತೆ. ಅಲ್ಲಿಗೆ ಕಾಯಿಲೆ ತಲುಪೋದು ತಡವಾಗಿ. ಅದಕ್ಕೇ ಮಾಡಿದ ಕೈಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಈಗ ನನ್ನ ಕೋಶಗಳು. ಮೈಕ್ರೋಗ್ಲಿಯಾ ಅಂದ್ರೆ ಮೆದುಳಿನ ಕಾವಲೂ ಹೌದು, ಕಸ ಗುಡಿಸೋರೂ ಹೌದು. ಅಮಿಲಾಯ್ಡ್ ಗುಪ್ಪೆ ಕಂಡರೆ ಸುತ್ತ ಮುತ್ತಿ ನುಂಗೋಕೆ ನೋಡ್ತವೆ. ಅವುಗಳ ಮೇಲಿರೋ ಟ್ರೆಮ್2 ಅನ್ನೋ, ಸಂಕೇತ ಹಿಡಿಯೋ ಗ್ರಾಹಕ ಪ್ರೋಟೀನಿನಲ್ಲಿ ಒಂದು ಅಪರೂಪದ ದೋಷ ಇದ್ದವರಿಗೆ ಅಲ್ಝೈಮರ್ ಅಪಾಯ ಸುಮಾರು ಮೂರು ಪಟ್ಟು ಅಂತ 2012ರ ಕೊನೆಗೆ ಗೊತ್ತಾಯ್ತು. ಅಂದ್ರೆ ನರಕೋಶ ಸರಿಯಿದ್ದೂ ಕಸ ಗುಡಿಸೋರು ಸೋತರೆ ಕಾಯಿಲೆ ಬರಬಹುದು. ಇನ್ನೊಂದು ಸಂಕಟ, ವರ್ಷಗಟ್ಟಲೆ ಕೆರಳಿ ನಿಂತ ಮೈಕ್ರೋಗ್ಲಿಯಾ ನರಕೋಶಗಳ ನಡುವಿನ ಕೂಡುದಾಣಗಳನ್ನೂ ತಿನ್ನೋಕೆ ಶುರುಮಾಡ್ತವೆ. ಇಲಿಗಳಲ್ಲಿ ಇದು ಗುಪ್ಪೆ ಕಟ್ಟೋಕೆ ಮುಂಚೆಯೇ ಕಂಡಿದೆ.

ಆಸ್ಟ್ರೋಸೈಟ್ ಅನ್ನೋ ನಕ್ಷತ್ರದಾಕಾರದ ಕೋಶಗಳೂ ಇವೆ. ಮೆದುಳಿನಲ್ಲಿ ಕೊಬ್ಬು ಸಾಗಿಸೋ ಅಪೋಇ ಪ್ರೋಟೀನನ್ನ ಹೆಚ್ಚಾಗಿ ತಯಾರಿಸೋದು ಅವೇ. ಅದರ ನಾಲ್ಕನೇ ಮಾದರಿ ಇದ್ದರೆ ಅಮಿಲಾಯ್ಡ್ ತೊಳೆಯೋದು ನಿಧಾನ ಅಂತ 1993ರಿಂದ ಈಚೆಗೆ ಗಟ್ಟಿಯಾಗ್ತಾ ಬಂದಿದೆ.

"ಯಾವ ಕೋಶದಲ್ಲಿ ಮೊದಲು" ಅಂತ ಕೇಳಿದ್ರಿ. ನನ್ನ ಅಭಿಪ್ರಾಯ, ಒಂದೇ ಕೋಶವನ್ನ ಬೊಟ್ಟು ಮಾಡೋಕಾಗಲ್ಲ. ನರಕೋಶ ತುಣುಕು ಉದುರಿಸುತ್ತೆ, ಗುಡಿಸೋರು ಸೋಲ್ತಾರೆ, ಸಾಗಿಸೋರು ತಡ ಮಾಡ್ತಾರೆ, ಒಳಗೆ ಟೌ ಬಿಚ್ಚುತ್ತೆ. ನೆರೆಹೊರೆ ಎಲ್ಲ ಕೈಬಿಟ್ಟ ಮೇಲೆ ಮನೆ ಬೀಳುತ್ತೆ.

ಹಾಸನ_ಓದುಗ · ಸೋಮವಾರ ರಾತ್ರಿ 10:30

ಅಮಿಲಾಯ್ಡ್ ವಿಷಯ ಪೂರ್ತಿ ಮೋಸ ಅಂತ ಪೇಪರಲ್ಲಿ ಬಂದಿತ್ತಲ್ಲ? ಪ್ರಬಂಧ ವಾಪಸ್ ತಗೊಂಡ್ರು ಅಂತ.

ಬೇಲೂರು_ಹುಡುಗಿ · ಸೋಮವಾರ ರಾತ್ರಿ 11:10

ವಾಪಸ್ ತಗೊಂಡಿದ್ದು ನಿಜ ಅಣ್ಣ. 2006ರಲ್ಲಿ ಪ್ರಕಟವಾದ ಪ್ರಬಂಧ, ಚಿತ್ರ ತಿದ್ದಿದ್ದು ಬಯಲಾಗಿ 2024ರಲ್ಲಿ ಹಿಂತೆಗೆದುಕೊಂಡರು. ನಮ್ಮ ಕ್ಷೇತ್ರಕ್ಕೆ ಅದು ದೊಡ್ಡ ನೋವು, ಮುಚ್ಚಿಡಲ್ಲ. ಆದ್ರೆ ಅದು ಅಮಿಲಾಯ್ಡಿನ ಒಂದು ನಿರ್ದಿಷ್ಟ ಗುಂಪಿನ ಬಗ್ಗೆ ಮಾತ್ರ. ಅಮಿಲಾಯ್ಡಿನ ನಿಜವಾದ ಸಾಕ್ಷಿ ಜೀನಿನಲ್ಲಿದೆ. ಎಪಿಪಿ ಜೀನ್ ಇರೋದು 21ನೇ ವರ್ಣತಂತುವಿನಲ್ಲಿ. ಡೌನ್ ಸಿಂಡ್ರೋಮ್ ಇರೋರಿಗೆ ಆ ವರ್ಣತಂತು ಮೂರು, ಅವರಲ್ಲಿ 40 ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರ ಮೆದುಳಲ್ಲೂ ಕಲೆ ಇರುತ್ತೆ. ಇತ್ತ ಐಸ್‌ಲ್ಯಾಂಡಿನ ಕೆಲವರಲ್ಲಿ ಅದೇ ಜೀನಿನ ಒಂದು ಬದಲಾವಣೆ ಇದೆ, ಅವರಲ್ಲಿ ಬೀಟಾ ಕತ್ತರಿ ಸರಿಯಾಗಿ ಕೂರಲ್ಲ, ತುಣುಕು ಕಡಿಮೆ ಹುಟ್ಟುತ್ತೆ, ಅಲ್ಝೈಮರ್ ಕೂಡ ಕಡಿಮೆ. 2012ರಲ್ಲಿ ಗೊತ್ತಾದದ್ದು. ತುಣುಕು ಹೆಚ್ಚಾದರೆ ಕಾಯಿಲೆ, ಕಡಿಮೆಯಾದರೆ ರಕ್ಷೆ. ಇದನ್ನ ಯಾರೂ ಚಿತ್ರ ತಿದ್ದಿ ಹುಟ್ಟಿಸೋಕಾಗಲ್ಲ.

ಹಾಗಂತ ಅಮಿಲಾಯ್ಡ್ ಒಂದನ್ನ ತೆಗೆದರೆ ಎಲ್ಲ ಸರಿಹೋಗಲ್ಲ. ಲೆಕಾನೆಮ್ಯಾಬ್ ಅನ್ನೋ ಔಷಧಿ ಕಲೆಯನ್ನ ನಿಜಕ್ಕೂ ತೊಳೆಯುತ್ತೆ. ಆದರೂ 18 ತಿಂಗಳ ಪರೀಕ್ಷೆಯಲ್ಲಿ ಕುಸಿತ 27% ನಿಧಾನ ಆಯ್ತು ಅಷ್ಟೇ, ನಿಲ್ಲಲಿಲ್ಲ. ಕೆಲವರಿಗೆ ಮೆದುಳಿನಲ್ಲಿ ಬಾವು, ರಕ್ತಸ್ರಾವವೂ ಆಯ್ತು. ಲಕ್ಷಣ ಕಾಣೋ ಹೊತ್ತಿಗೆ ಟೌ ತನ್ನ ದಾರಿ ಹಿಡಿದಾಗಿರುತ್ತೆ.

ಚನ್ನರಾಯಪಟ್ಟಣ_ಮಗ · ಮಂಗಳವಾರ ಬೆಳಗ್ಗೆ 7:25

ನಮ್ಮಮ್ಮನಿಗೆ ಇತ್ತು, 68ಕ್ಕೆ ಶುರು. ನನಗೀಗ 44. ಕೀ ಎಲ್ಲಿಟ್ಟೆ ಅಂತ ಮರೆತರೂ ಎದೆ ಝಲ್ ಅನ್ನುತ್ತೆ. ಅಪೋಇ ಪರೀಕ್ಷೆ ಮಾಡಿಸ್ಲಾ?

ಜೀವಶಾಸ್ತ್ರ_ಮೇಷ್ಟ್ರು_ಅರಸೀಕೆರೆ · ಮಂಗಳವಾರ ಬೆಳಗ್ಗೆ 8:40

ಒಂದೇ ಜೀನಿನಿಂದ ಖಚಿತವಾಗಿ ಬರೋ ಅಲ್ಝೈಮರ್ ನೂರರಲ್ಲಿ ಒಬ್ಬರಿಗೂ ಇಲ್ಲ ಮಗಾ, ಅದೂ ಸಾಮಾನ್ಯವಾಗಿ ನಲವತ್ತು ಐವತ್ತರಲ್ಲೇ ಕಾಣಿಸಿಕೊಳ್ಳುತ್ತೆ. 68ಕ್ಕೆ ಬಂದದ್ದು ಬೇರೆ ಜಾತಿ. ಅಪೋಇ4 ಅಪಾಯ ಹೆಚ್ಚಿಸುತ್ತೆ, ಆದ್ರೆ ಅದು ಇದ್ದೂ ತೊಂಬತ್ತರವರೆಗೆ ಚುರುಕಾಗಿ ಇರೋರಿದ್ದಾರೆ, ಇಲ್ಲದೆಯೂ ಕಾಯಿಲೆ ಬಂದವರಿದ್ದಾರೆ. ಪರೀಕ್ಷೆಯ ಫಲಿತಾಂಶ ಕೈಯಲ್ಲಿ ಹಿಡ್ಕೊಂಡು ಏನು ಮಾಡ್ತೀರಿ ಅಂತ ಮೊದಲು ಡಾಕ್ಟರ ಹತ್ತಿರ ಕೂತು ಮಾತಾಡಿ. ಬಿಪಿ, ಸಕ್ಕರೆ ನೋಡಿಸಿದ್ದೀರಾ? 44ಕ್ಕೆ ಅದು ಹೆಚ್ಚು ಮುಖ್ಯ.

ನರ್ಸ್_ಹಾಸನ · ಮಂಗಳವಾರ ರಾತ್ರಿ 8:15

ಡ್ಯೂಟಿ ಮುಗಿಸಿ ಬಂದು ಎಲ್ಲ ಓದಿದೆ. ಸೊಸೆ ತಂಗೀ, ನೀನು ನೋಡಿಕೊಳ್ಳೋ ರೀತಿ ನಿನ್ನ ಬರವಣಿಗೇಲೇ ಕಾಣುತ್ತೆ. ಕೋಶದ ವಿಷಯ ಇವರು ಹೇಳಿದ್ರು. ನಾನು ಆಸ್ಪತ್ರೆ ವಿಷಯ ಹೇಳ್ತೀನಿ.

ಡಾಕ್ಟರು "ಇರಬಹುದು" ಅಂದಿದ್ದಾರೆ, "ಇದೆ" ಅಂದಿಲ್ಲ. ಬಿ12 ನೋಡಿಸಿದ್ರಾ? ಥೈರಾಯ್ಡ್? ಇತ್ತೀಚೆಗೆ ತೋಟದಲ್ಲಿ ಜಾರಿ ಬಿದ್ದು ತಲೆಗೆ ಏಟಾಗಿದೆಯಾ? ವಯಸ್ಸಾದವರಿಗೆ ವಾರಗಟ್ಟಲೆ ಆದ ಮೇಲೂ ತಲೆಯೊಳಗೆ ರಕ್ತ ಕಟ್ಟಿ ಮಂಕಾಗೋದುಂಟು. ಅಲರ್ಜಿ, ನಿದ್ದೆ, ಮೂತ್ರದ ತೊಂದರೆ ಅಂತ ತಗೊಳ್ಳೋ ಕೆಲವು ಮಾತ್ರೆಗಳೂ ಮರೆವು ತರ್ತವೆ, ಎಲ್ಲ ಮಾತ್ರೆ ಒಂದು ಚೀಲಕ್ಕೆ ಹಾಕಿ ತಗೊಂಡು ಹೋಗು. ಒಂದೇ ದಿನದಲ್ಲಿ ದಿಢೀರನೆ ಗೊಂದಲ ಜಾಸ್ತಿ ಆದ್ರೆ ಮೂತ್ರದ ಸೋಂಕು ನೋಡಿಸು, ಅದು ಅಲ್ಝೈಮರ್ ಏರಿದ್ದೇ ಅಂದ್ಕೋಬೇಡ.

ಮಾತ್ರೆ ಡೋನೆಪೆಜಿಲ್ ಇರಬೇಕು. ಅದು ಕಾಯಿಲೆ ನಿಲ್ಲಿಸಲ್ಲ, ಉಳಿದ ಕೋಶಗಳು ಮಾತಾಡಿಕೊಳ್ಳೋ ರಾಸಾಯನಿಕ ಬೇಗ ಕರಗದ ಹಾಗೆ ನೋಡ್ಕೊಳ್ಳುತ್ತೆ. ವಾಂತಿ, ಭೇದಿ, ನಾಡಿ ನಿಧಾನ, ತಲೆಸುತ್ತು ಬಂದ್ರೆ ಕೂಡಲೇ ತಿಳಿಸು.

ಮತ್ತೆ, ಅತ್ತೆ ಎಷ್ಟು ಓದಿದ್ದಾರೆ? ನಮ್ಮ ಕಡೆ ಹೆಂಗಸರಿಗೆ ತಾರೀಖು ಎಷ್ಟು, ನೂರರಿಂದ ಏಳು ಕಳೀರಿ ಅಂದ್ರೆ ಮೊದಲೂ ಬರ್ತಿರಲಿಲ್ಲ. ಮುಂದಿನ ಹಬ್ಬ ಯಾವುದು, ಸಂತೆ ಯಾವ ವಾರ, ಹೋದ ವರ್ಷ ಕಾಫಿ ಎಷ್ಟು ಮೂಟೆ ಆಯ್ತು ಅಂತ ಕೇಳಬೇಕು. ಮುಂಚೆ ಮಾಡ್ತಿದ್ದು ಈಗ ಆಗದೆ ಇರೋದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಡಾಕ್ಟರಿಗೆ ಆ ಹಾಳೆ ಸ್ಕ್ಯಾನಿನಷ್ಟೇ ಬೇಕು.

ಕೊನೇದು, ಅವರಿಗೆ ಕಿವಿ ಸರಿಯಾಗಿ ಕೇಳುತ್ತಾ? 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಶಿಯಾಕ್ಕೆ (ಮರೆವಿನ ಕಾಯಿಲೆಗಳಿಗೆ) ತಿದ್ದಿಕೊಳ್ಳಬಹುದಾದ 14 ಅಪಾಯದ ಅಂಶ ಹೇಳಿತು, ಕಿವಿ ಮಂದ ಆಗೋದು ಅದರಲ್ಲಿ ದೊಡ್ಡವುಗಳಲ್ಲಿ ಒಂದು. ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಕಣ್ಣು ಮಂಜಾಗೋದು, ಒಂಟಿತನ ಎಲ್ಲ ಇವೆ. ಸೊಸೆ ಅಡುಗೆ ಮಾಡೋದು ಆ ಪಟ್ಟಿಯಲ್ಲಿ ಇಲ್ಲ.

ಸೊಸೆ_ಮೂಡಿಗೆರೆ · ಶನಿವಾರ ರಾತ್ರಿ 10:05

ಎಲ್ಲರಿಗೂ ಹೇಗೆ ಹೇಳಲಿ. ನಾಲ್ಕೂ ದಿನ ಇದನ್ನೇ ಮತ್ತೆ ಮತ್ತೆ ಓದಿದೆ. ನಮ್ಮವರಿಗೂ ಓದಿಸಿದೆ.

ಬಿ12 ಕಡಿಮೆ ಇದೆ, ಇಂಜೆಕ್ಷನ್ ಶುರುಮಾಡಿದ್ದಾರೆ. ಆದ್ರೆ ಸ್ಕ್ಯಾನಿನಲ್ಲಿ ಕಂಡದ್ದಕ್ಕೆ ಅದೊಂದೇ ಕಾರಣ ಅಲ್ಲ ಅಂದ್ರು ಡಾಕ್ಟರು. ಥೈರಾಯ್ಡ್ ಸರಿ ಇದೆ. ಬಿದ್ದಿಲ್ಲ. ಹಾಳೆ ತಗೊಂಡು ಹೋಗಿದ್ದೆ ಅಕ್ಕಾ, ಎರಡೂ ಬದಿ ತುಂಬಿತ್ತು. ಈ ಸಲ ಡಾಕ್ಟರು ಕೂತು ಓದಿದ್ರು.

ನಿನ್ನೆ ಚಿಕ್ಕತ್ತೆ ಮನೆಗೆ ಬಂದಿದ್ರು. ನಾನು ಜಗಳ ಆಡಲಿಲ್ಲ. 25 ವರ್ಷ, 15 ವರ್ಷ ಅಂತ ಮೇಷ್ಟ್ರು ಬರೆದಿದ್ದನ್ನ ಜೋರಾಗಿ ಓದಿ ಹೇಳಿದೆ. ಬೋರರ್ ಮಾತು ಬಂದಾಗ ತಲೆ ಎತ್ತಿದ್ರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಶುರುಮಾಡಿದ್ರು. ಐದಾರು ವರ್ಷದ ಹಿಂದೆ ಆಲ್ದೂರಲ್ಲಿ ಒಂದು ಮದುವೆಯಂತೆ. ಅತ್ತೆ ಮುಯ್ಯಿ ಬರೆಸಿ ಬಂದು ಊಟಕ್ಕೆ ಕೂತವರು, ಎದ್ದು ಹೋಗಿ ಮತ್ತೆ ಬರೆಸಿದ್ರಂತೆ. ಬರ್ಕೊಳ್ಳೋ ಹುಡುಗ ತೋರಿಸಿದ ಮೇಲೆ ನಕ್ಕು ಸುಮ್ಮನಾದ್ರಂತೆ. "ಆಗ ನೀನು ಇನ್ನೂ ಈ ಮನೆಗೆ ಬಂದಿರಲಿಲ್ಲ" ಅಂದ್ರು ಚಿಕ್ಕತ್ತೆ. ಹೋಗೋವಾಗ ಅಂಗಳದಲ್ಲಿ ನನ್ನ ಕೈ ಹಿಡ್ಕೊಂಡ್ರು. ಏನೂ ಹೇಳಲಿಲ್ಲ.

ಈಗ ಕಡುಬು ಮಾಡೋ ದಿನ ನಾನೂ ಪಕ್ಕದಲ್ಲೇ ನಿಲ್ತೀನಿ. ಅತ್ತೆ ಉಂಡೆ ಕಟ್ತಾರೆ, ನಾನು ಜೋಡಿಸ್ತೀನಿ. "ಯಾರು ಮಾಡಿದ್ದು" ಅಂತ ಕೇಳಿದ್ರೆ "ನಾವಿಬ್ರೂ" ಅಂತೀನಿ.

ನರ್ಸ್_ಹಾಸನ · ಶನಿವಾರ ರಾತ್ರಿ 10:40

ಒಂದು ಸಲ ಎರಡು ಮುಯ್ಯಿ ಬರೆಸಿದ್ದೇ ಕಾಯಿಲೆಗೆ ಸಾಕ್ಷಿ ಅಂತ ಹೇಳೋಕಾಗಲ್ಲ, ನಮಗೆಲ್ಲ ಆಗುತ್ತೆ. ಆದ್ರೂ ಅದನ್ನ ಹಾಳೆಗೆ ಸೇರಿಸು, ವರ್ಷ ಹಾಕಿ. ಕಿವಿ ತೋರಿಸಿದ್ಯಾ?

ಸೊಸೆ_ಮೂಡಿಗೆರೆ · ಶನಿವಾರ ರಾತ್ರಿ 10:44

ಗುರುವಾರಕ್ಕೆ ಬರೋಕೆ ಹೇಳಿದ್ದಾರೆ ಅಕ್ಕಾ. ಎಡಗಿವಿ ಮಂದ ಇದೆ ಅನ್ಸುತ್ತೆ, ಆ ಕಡೆಯಿಂದ ಕರೆದ್ರೆ ತಿರುಗಲ್ಲ. ಇಷ್ಟು ದಿನ ಅದನ್ನೂ ಮರೆವು ಅಂದ್ಕೊಂಡಿದ್ವಿ.